ಲಾಯರಮ್ಮನ ಸುಳ್ಳುಸಾಕ್ಷಿ

ಆಗ ನನಗೆ ಅರವತ್ತು. ಅದು ನಡೆದು ಹನ್ನೊಂದು ವರ್ಷವಾಯಿತು. ದಿನಾ ನೆನೆಯುವಷ್ಟು ಪುರುಸೊತ್ತು ನನಗಿಲ್ಲ. ಮೊನ್ನೆ ಮೊಮ್ಮಗಳು ರಾಮಮೂರ್ತಿ ನಗರದ ಪಾರ್ಲರಿಗೆ ಜೊತೆಗೆ ಕರೆದುಕೊಂಡು ಹೋದಳು. ಕೂದಲು ನೆಟ್ಟಗೆ ಮಾಡಿಸಿಕೊಳ್ಳಬೇಕಂತೆ. ಅಲ್ಲಿಯವಳು ಬಿಸಿ ಇಕ್ಕಳದಲ್ಲಿ ಕೂದಲು ಹಿಡಿದು ಎಳೆದಳು. ಚುರ್ ಎಂದಿತು, ವಾಸನೆ ಬಂತು. ನಾನು ಎದ್ದು ಹೊರಗೆ ಬಂದು ನಿಂತೆ.

ಕೂದಲು ಸುಟ್ಟ ವಾಸನೆ ನನಗೆ ಹೊಸದಲ್ಲ. ಲಿಂಗರಾಜಪುರದ ನಮ್ಮ ಮನೆಯ ಅಂಗಳದಲ್ಲಿ ಸೌದೆ ಉರಿಸಿ, ಮೇಕೆಯ ತಲೆ ಕಾಲುಗಳನ್ನು ಸಲಾಕೆಗೆ ಚುಚ್ಚಿ ಮೂವತ್ತು ವರ್ಷ ಗಿರಾಕಿಗಳಿಗೆ ಸುಟ್ಟುಕೊಟ್ಟಿದ್ದೇನೆ. ಆದರೆ ಮೇಕೆಯ ಕೂದಲೇ ಬೇರೆ, ಮನುಷ್ಯರದ್ದೇ ಬೇರೆ. ಮನುಷ್ಯರದ್ದನ್ನು ನಾನು ಅಲ್ಲಿಯತನಕ ಒಂದೇ ಸಲ ಮೂಸಿದ್ದು. ಅದು ನಮ್ಮ ಮೇಲ್ಮನೆಯಲ್ಲಿ, ಲಾಯರಮ್ಮನ ಮನೆಯಲ್ಲಿ...

ಅವಳು ನಮ್ಮ ಬಾಡಿಗೆಯವಳು. ಕೊಲಂಬೋದವಳು. ಹಲಸೂರಿನ ಗಂಡನ್ನು ಕಟ್ಟಿಕೊಂಡು ಇಲ್ಲಿಗೆ ಬಂದಿದ್ದಳು. ಅಲ್ಲಿ ಆರು ವರ್ಷ ಕೋರ್ಟಿನಲ್ಲಿ ನಿಂತು ವಾದ ಮಾಡಿದವಳು. ಇಲ್ಲಿ ಅದು ನಡೆಯುವುದಿಲ್ಲವಂತೆ. ಈ ದೇಶದವಳು ಎಂಬ ಕಾಗದ ಬರಲು ವರ್ಷಗಟ್ಟಲೆ ಕಾದಳು. ಅದು ಬಂದ ಮೇಲೆ, ಅಲ್ಲಿ ಓದಿದ್ದು ಇಲ್ಲಿಗೆ ಸಾಲದು, ಮತ್ತೆ ಪರೀಕ್ಷೆ ಬರೆ ಅಂದರು. ಪಾಸಾದರೆ ಕರಿಕೋಟು, ಇಲ್ಲದಿದ್ದರೆ ಒಲೆ. ಅವಳು ಮಧ್ಯಾಹ್ನವೆಲ್ಲ ನಮ್ಮ ಮೆಟ್ಟಿಲ ಮೇಲೆ ಕೂತು ಓದುತ್ತಿದ್ದಳು. ನನ್ನ ಹೊಗೆಗೆ ಕಣ್ಣೀರು ಸುರಿಯುತ್ತಿದ್ದರೂ ಏಳುತ್ತಿರಲಿಲ್ಲ.

ತಮಿಳು ನನಗೂ ಬರುತ್ತದೆ. ಆದರೆ ಅವಳು ಹಟ ಹಿಡಿದು ಕನ್ನಡದಲ್ಲೇ ಮಾತಾಡುತ್ತಿದ್ದಳು, ನಾಳೆ ಇಲ್ಲಿಯ ಕೋರ್ಟಿನಲ್ಲಿ ಬೇಕಲ್ಲ ಎಂದು. ಸಾಕ್ಷಿಯನ್ನು ಅಡ್ಡಡ್ಡ ಕೇಳಿ ಸಿಕ್ಕಿಸುವುದಕ್ಕೆ ನಮ್ಮ ಕೋರ್ಟುಗಳಲ್ಲಿ ಪಾಟಿ ಸವಾಲು ಅನ್ನುತ್ತಾರೆ. ಆ ಮಾತು ಕಲಿತ ದಿನ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವರ ಭಾಷೆಯಲ್ಲಿ ಪಾಟ್ಟಿ ಅಂದರೆ ಅಜ್ಜಿ. "ಅಜ್ಜೀನ ಕೇಳೋ ಸವಾಲು!" ಅಂದಳು. ಅವತ್ತಿನಿಂದ ನಾನು ಪಾಟ್ಟಿಯಾದೆ. ಕಟಕಟೆಯಲ್ಲಿ ನಿಲ್ಲುವ ಸಾಕ್ಷಿಯೂ ನಾನೇ ಆದೆ.

"ಪಾಟ್ಟಿ, ಪಕ್ಕದ ಮನೆ ಕೆಂಪು ಕೋಳಿ ನೋಡಿದ್ದು ಎಷ್ಟು ಗಂಟೆಗೆ?"

"ಯಾವ ಕೋಳಿ? ನಾನೇನೂ ನೋಡಿಲ್ಲ. ಅದು ಕೆಂಪೂ ಅಲ್ಲ, ಕರೀ ಹುಂಜ."

"ನೋಡ್ದೇ ಇದ್ರೆ ಬಣ್ಣ ಹೇಗೆ ಗೊತ್ತಾಯ್ತು?"

ಹೀಗೆ ನಾನು ಕದಿಯದ ಹುಂಜವನ್ನು ನನ್ನ ಬಾಯಿಂದಲೇ ಕದಿಸಿಬಿಡುತ್ತಿದ್ದಳು. ಆಮೇಲೆ ಪಾಠ: "ಕಣ್ಣಲ್ಲಿ ನೋಡಿದ್ದು ಮಾತ್ರ ಹೇಳ್ಬೇಕು ಪಾಟ್ಟಿ. ಜಾಸ್ತಿ ಬೇಡ."

ಗಂಡನಿಗೆ ಕೆ.ಆರ್. ಪುರದಲ್ಲಿ ಲಾರಿ ಆಫೀಸು. ಎತ್ತರದ ಆಳು, ಮೀಸೆಗೆ ಬಣ್ಣ. ವಾರಕ್ಕೆರಡು ಸಲ ಹೊಡೆಯುತ್ತಿದ್ದ. ನೆಲದ ಸದ್ದು ನನ್ನ ಸೂರಿಗೆ ಕೇಳುತ್ತಿತ್ತು. ನಾನು ಎರಡು ಸಲ ಹತ್ತಿ ಹೋಗಿ ಬೈದೆ. ಅವಳೇ ಬಾಗಿಲಿಗೆ ಬಂದು, ತುಟಿ ಒಡೆದುಕೊಂಡು, "ಏನೂ ಇಲ್ಲ ಪಾಟ್ಟಿ, ಹೋಗಿ" ಅಂದಳು. ಕೋರ್ಟಿನಲ್ಲಿ ಹೆಸರು ಬರೆಸುವಾಗ ನಿನ್ನ ಮೇಲೆ ಕೇಸು ಇದೆಯಾ ಎಂದು ಕೇಳುತ್ತಾರಂತೆ. ಗಂಡನಿಗೂ ಅದು ಗೊತ್ತಿತ್ತು. "ಕೈ ಎತ್ತು ನೋಡೋಣ. ಕೇಸ್ ಹಾಕ್ತೀನಿ. ಅದು ಹೇಗೆ ಕೋಟ್ ಹಾಕ್ತೀಯೋ ನಾನೂ ನೋಡ್ತೀನಿ" ಎನ್ನುತ್ತಿದ್ದ. ಅದಕ್ಕೇ ಅವಳು ಒಂದು ದಿನವೂ ಕೈ ಎತ್ತಲಿಲ್ಲ.

ಪರೀಕ್ಷೆಯ ಹಿಂದಿನ ದಿನ, ಶನಿವಾರ ಮಧ್ಯಾಹ್ನ. ಮೇಲಿನಿಂದ ಕಿರುಚಿದ ಸದ್ದು ಬಂತು. ಹೊಡೆತಕ್ಕೆ ಅವಳು ಹಾಗೆ ಕಿರುಚುವವಳಲ್ಲ. ಬೆಂಕಿ ಬಿಟ್ಟು ಓಡಿದೆ. ಬಾಗಿಲು ತೆರೆದೇ ಇತ್ತು. ಅವಳು ಪರೀಕ್ಷೆಗೆಂದು ಬಿಳಿ ಸೀರೆಗೆ ಇಸ್ತ್ರಿ ಹಾಕುತ್ತಿದ್ದಳು. ಅವನು ಅವಳ ಬಲಗೈಯನ್ನು ಮೇಜಿಗೆ ಅದುಮಿ, ಅದರ ಮೇಲೆ ಇಸ್ತ್ರಿ ಪೆಟ್ಟಿಗೆ ಒತ್ತಿದ್ದ. "ಬರಿ, ನಾಳೆ ಬರಿ" ಅನ್ನುತ್ತಿದ್ದ. ನಾನು ಹೊಸ್ತಿಲು ದಾಟುವಷ್ಟರಲ್ಲಿ ಅವಳು ಎಡಗೈಯಲ್ಲಿ ಪೆಟ್ಟಿಗೆ ಕಿತ್ತುಕೊಂಡು ಅವನ ತಲೆಗೆ ಬಿಟ್ಟಳು. ಅವನು ಬಿದ್ದ. ಬಿದ್ದವನ ತಲೆಗೆ ಮತ್ತೊಂದು. ಅದರ ಬಿಸಿ ಮೈ ಅವನ ಕೂದಲಿಗೆ ಅಂಟಿಕೊಂಡಿತು... ಆ ವಾಸನೆ. ಮೂರನೆಯದಕ್ಕೆ ಎತ್ತಿದಾಗ ನಾನು ಕೈ ಹಿಡಿದೆ. ಹಿಡಿಯದಿದ್ದರೆ ಅವನು ಅವತ್ತೇ ಮುಗಿಯುತ್ತಿದ್ದ. ಹಿಡಿದದ್ದಕ್ಕೆ ನನಗೆ ಈಗಲೂ ಅಷ್ಟೇನೂ ಖುಷಿಯಿಲ್ಲ.

ಸಂಜೆಯೊಳಗೆ ಅವನು ತಲೆಗೆ ಹೊಲಿಗೆ ಹಾಕಿಸಿಕೊಂಡು ನೇರ ಸ್ಟೇಷನ್ನಿಗೆ ಹೋದ. ನಮ್ಮಿಬ್ಬರನ್ನೂ ಕರೆಸಿದರು. ಅವಳು ಸುಟ್ಟ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಂತಿದ್ದಳು. ಅವನು ಬಾಯಿ ಬಿಟ್ಟ: "ನನ್ ಹೆಂಡ್ತಿ ಸಾರ್, ಇಸ್ತ್ರಿ ಪೆಟ್ಟಿಗೇಲಿ..."

ಸಬ್ ಇನ್ಸ್‌ಪೆಕ್ಟರು ತಲೆ ಎತ್ತಿ ನೋಡಿದರು. "ಏನ್ ಗುರು, ಹೆಂಡ್ತಿ ಕೈಲಿ ತಲೆಗೆ ಇಸ್ತ್ರಿ ಹಾಕಿಸ್ಕೊಂಡ್ ಬಂದಿದೀಯಾ?"

ಪೊಲೀಸರೆಲ್ಲ ನಕ್ಕರು. ಅವನ ಮುಖ ಸಣ್ಣಗಾಯಿತು. ನಾನು ಆ ಮುಖ ನೋಡಿದೆ. ಮುಂದಕ್ಕೆ ಹೋಗಿ, "ಹೊಡೆದದ್ದು ನಾನು ಸಾಮಿ. ತಲೆ ಸುಡೋ ಸಲಾಕೆ ಬಿಸಿಯಾಗಿತ್ತು, ಅದರಲ್ಲೇ ಬಿಟ್ಟೆ" ಅಂದೆ.

"ಪಾಟ್ಟಿ, ನೀವು..." ಎಂದು ಲಾಯರಮ್ಮ ಬಾಯಿ ತೆರೆದಳು. ನಾನು ಅವಳ ಕಾಲಿನ ಹೆಬ್ಬೆರಳನ್ನು ನನ್ನ ಹಿಮ್ಮಡಿಯಲ್ಲಿ ಅರೆದೆ.

"ಸರಿಯಾಗಿ ಹೇಳಯ್ಯ" ಅಂದರು ಸಾಹೇಬರು. "ಅಜ್ಜಿ ಹೊಡೆದಿದ್ದಾ, ಹೆಂಡ್ತಿ ಹೊಡೆದಿದ್ದಾ?"

ಅವನು ನಗುತ್ತಿದ್ದ ಪೊಲೀಸರನ್ನು ನೋಡಿದ. ಹೆಂಡತಿಯನ್ನು ನೋಡಿದ. ಮೀಸೆ ಸವರಿಕೊಂಡ. "ಅಜ್ಜೀನೇ ಸಾರ್. ಹಿಂದಿನಿಂದ ಬಂದು ಹೊಡೆದ್ಲು. ನನ್ ಹೆಂಡ್ತಿಗೆ ಅಷ್ಟು ಧೈರ್ಯ ಎಲ್ಲಿ ಸಾರ್."

ಅವಳು ಸುಮ್ಮನೆ ನಿಂತಳು. ಆ ಸುಮ್ಮನಿರುವುದು ಅವಳಿಗೆ ಕೈ ಸುಟ್ಟದ್ದಕ್ಕಿಂತ ಹೆಚ್ಚು ಉರಿದಿರಬೇಕು. ಸಾಹೇಬರು ಬರೆದುಕೊಂಡು, "ಬೆಳಿಗ್ಗೆ ಸಲಾಕೆ ತಂದು ಒಪ್ಪಿಸು" ಎಂದು ನನ್ನನ್ನು ಕಳಿಸಿದರು.

ಅವಳು ಪಾಸಾದಳು. ಅವನನ್ನು ಬಿಟ್ಟು ರಿಚರ್ಡ್ಸ್ ಟೌನಿನಲ್ಲಿ ಒಂದು ರೂಮು ಹಿಡಿದಳು. ಕರಿಕೋಟು ಹಾಕಿಕೊಂಡು ಒಂದು ಸಲ ನನ್ನ ಅಂಗಳಕ್ಕೆ ಬಂದು ಹೊಗೆಯಲ್ಲಿ ನಿಂತಳು. ನನ್ನ ಕೇಸು ನೀನೇ ನಡೆಸು ಅಂದೆ. "ಆಗಲ್ಲ ಪಾಟ್ಟಿ. ನಂಗೆ ನಿಜ ಗೊತ್ತು" ಅಂದಳು. ಬೇರೆ ವಕೀಲರನ್ನು ಇಟ್ಟುಕೊಟ್ಟಳು. ಗಂಡ ಸಾಕ್ಷಿ ಹೇಳಲು ಬರಲೇ ಇಲ್ಲ, ಎರಡು ವರ್ಷ ಎಳೆದು ಕೇಸು ಬಿದ್ದುಹೋಯಿತು. ಆಮೇಲೆ ಅವಳು ನಮ್ಮ ಬೀದಿಗೆ ಬರಲಿಲ್ಲ. ನನ್ನ ಮುಖ ನೋಡಿದರೆ ಅವಳಿಗೆ ಆ ಸ್ಟೇಷನ್ನೇ ಕಾಣುತ್ತಿತ್ತೇನೋ. ಹೋದ ವರ್ಷ ತೀರಿಕೊಂಡಳಂತೆ, ಎದೆಯ ಕ್ಯಾನ್ಸರು. ಮಣ್ಣಿಗೆ ಕರೆಯಲು ನಾನು ಯಾರೂ ಅಲ್ಲ. ಆ ವಕೀಲರೇ ಸಂತೆಯಲ್ಲಿ ಸಿಕ್ಕಾಗ ಹೇಳಿದರು. ಅಷ್ಟೇ.

ಅವತ್ತು ಸ್ಟೇಷನ್ನಿಂದ ಬಂದ ಮಾರನೆಯ ಬೆಳಿಗ್ಗೆ ಅವಳ ಕೈಗೆ ಮೆತ್ತನೆಯ ಬಟ್ಟೆ ಸುತ್ತಿ, ಬೆರಳುಗಳನ್ನು ಹೊರಗೆ ಬಿಟ್ಟು, ಪೆನ್ನು ಹಿಡಿಸಿ ನೋಡಿ, ಆಟೋ ಹತ್ತಿಸಿದೆ. ಆಮೇಲೆ ಸಲಾಕೆ ತೆಗೆದುಕೊಂಡು ಮಟನ್ ಅಂಗಡಿಗೆ ಹೋದೆ. ಆಗಷ್ಟೇ ಕುಯ್ದ ಮೇಕೆಯ ರಕ್ತದಲ್ಲಿ ಅದರ ತುದಿ ಅದ್ದಿ, ಪೇಪರಿನಲ್ಲಿ ಸುತ್ತಿ ಸ್ಟೇಷನ್ನಿಗೆ ಕೊಟ್ಟೆ.

ಪೇದೆ ಬಿಚ್ಚಿ ನೋಡಿದ. "ಏನಜ್ಜಿ, ನಿನ್ನೆ ರಕ್ತ ಇನ್ನೂ ಹಸಿಯಾಗೇ ಇದೆಯಲ್ಲ?"

"ಅವನ ರಕ್ತಾನೇ ಹಂಗೆ ಸಾಮಿ" ಅಂದೆ.

ಗೋಡೆಯ ಗಡಿಯಾರದಲ್ಲಿ ಹತ್ತೂವರೆ. ಅಲ್ಲಿ ಪರೀಕ್ಷೆ ಶುರುವಾಗಿತ್ತು.