ಸುಬೇದಾರ್ರ ಅಳತೆ

ಯಾರ ಮನೆಯ ಊಟಕ್ಕೆ ಹೋದರೂ ಸುಬೇದಾರ್ ಮುನಿರಾಜಪ್ಪನವರ ಪಕ್ಕ ಕೂತವರಿಗೆ ಒಂದು ಹೋಳಿಗೆ ಹೆಚ್ಚಿಗೆ ಸಿಗುತ್ತಿತ್ತು. ತಮ್ಮ ಎಲೆಗೆ ಬಿದ್ದ ಹೋಳಿಗೆಯನ್ನು ಅವರು ಒಂದು ಗಳಿಗೆ ದಿಟ್ಟಿಸಿ ನೋಡಿ, ಎತ್ತಿ ಪಕ್ಕದ ಎಲೆಗೆ ಹಾಕಿಬಿಡುತ್ತಿದ್ದರು. ಸಕ್ಕರೆ ಕಾಯಿಲೆಯೇ ಎಂದು ನಾನೊಮ್ಮೆ ಕೇಳಿದೆ.

“ಇಲ್ಲ ಮೇಷ್ಟ್ರೇ. ಹೋಳಿಗೆ ಅಂದ್ರೆ ಜೀವ ಬಿಡ್ತೀನಿ. ಅದಕ್ಕೇ ಬೇಡ.”

ಚಿಕ್ಕಲಸಂದ್ರದ ಅವರ ಮನೆಯ ಮಹಡಿಯಲ್ಲಿ ನಾನು ಹನ್ನೊಂದು ವರ್ಷ ಬಾಡಿಗೆಗಿದ್ದೆ. ಅವರ ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲೇ ಎದ್ದ ಮನೆ ಅದು. ಸುಬೇದಾರ್ರ ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಹಿಮದ ಗಡಿಯಲ್ಲಿ ನಡೆದ ಯುದ್ಧದಲ್ಲಿ ಅವರು ಒಂದು ತುಕಡಿಯ ನಾಯಕರಾಗಿದ್ದರು. ಪದಕವೂ ಬಂದಿತ್ತು. ಅದನ್ನು ಅವರು ಯಾರಿಗೂ ತೋರಿಸುತ್ತಿರಲಿಲ್ಲ. ಮನೆ ಕೊಡುವಾಗ ಅಡ್ವಾನ್ಸ್ ಮಾತಿಗಿಂತ ಮುಂಚೆ ಹೇಳಿದ್ದು ಒಂದೇ: “ಕುಡಿದು ಬಂದ್ರೆ ಗೇಟು ತೆಗೆಯಲ್ಲ. ನಿಮಗೂ ಅಷ್ಟೇ, ನಿಮ್ಮ ನೆಂಟರಿಗೂ ಅಷ್ಟೇ.”

ನಮ್ಮ ಬೀದಿಯ ತಿರುವಿನಲ್ಲಿ, ಅಂಗನವಾಡಿಗೆ ಹತ್ತು ಹೆಜ್ಜೆ ದೂರದಲ್ಲಿ, ಹೆಂಡದಂಗಡಿ ತೆರೆಯುವ ಸುದ್ದಿ ಬಂದಾಗ ಬಡಾವಣೆಯ ಸಂಘಕ್ಕೆ ಅವರೇ ಅಧ್ಯಕ್ಷರು. ಅರ್ಜಿ ಹಿಡಿದು ವಾರವಾರ ಅಬಕಾರಿ ಕಚೇರಿಗೆ ಹೋದರು. ಜೊತೆಗೆ ನಾನೂ ಇರುತ್ತಿದ್ದೆ. ಕೊನೆಗೊಂದು ದಿನ ಅಲ್ಲಿನ ಅಧಿಕಾರಿ ನಕ್ಕು, “ಸುಬೇದಾರ್ರೇ, ಸರ್ಕಾರ ನಡೀಬೇಕಲ್ವಾ?” ಎಂದರು.

“ನಡೀಲಿ ಸಾರ್. ಆದ್ರೆ ಜನ ತೂರಾಡಿದಷ್ಟೂ ಸರ್ಕಾರ ನೆಟ್ಟಗೆ ನಡಿಯುತ್ತೆ ಅಂದ್ರೆ ಅದು ಎಂಥ ಸರ್ಕಾರ? ನಿಮ್ಮ ಕೈ ನೀವೇ ತಡ್ಕೊಳ್ಳೋಕಾಗದೋರು ನಮ್ಮ ಕೈ ಹೆಂಗೆ ಹಿಡೀತೀರಿ?”

ಅಂಗಡಿ ತೆರೆಯಿತು. ಮರುತಿಂಗಳೇ ಅವರು ಅಧ್ಯಕ್ಷಗಿರಿ ಬಿಟ್ಟರು. ಸೋತ ಬೇಸರವೆಂದು ನಾವೆಲ್ಲ ಅಂದುಕೊಂಡೆವು. ಕೇಳಿದರೆ, “ಸಭೇಲಿ ಎಲ್ಲರೂ ಎದ್ದು ನಿಂತ್ಕೊಂಡಾಗ ಖುಷಿ ಆಗೋಕೆ ಶುರುವಾಗಿತ್ತು ಮೇಷ್ಟ್ರೇ. ಅದೂ ನಶೆನೇ,” ಎಂದರು.

ಅವರ ತುಕಡಿಯಲ್ಲಿ ಗದಗಿನ ಕಡೆಯ ಬಸವರಾಜ ಎಂಬ ಸಿಪಾಯಿ ಯುದ್ಧದಲ್ಲಿ ತೀರಿಕೊಂಡಿದ್ದ. ಆಗ ತೊಟ್ಟಿಲಲ್ಲಿದ್ದ ಅವನ ಮಗಳು ಶಿವಲೀಲಾ ಈಗ ಬಿಟಿಎಮ್ ಬಡಾವಣೆಯಲ್ಲಿ ರೂಮು ಮಾಡಿಕೊಂಡು ಆಫೀಸಿಗೆ ಹೋಗುತ್ತಿದ್ದಳು. ತಾಯಿಯೂ ಇರಲಿಲ್ಲ. ಸುಬೇದಾರ್ರನ್ನು ಕಾಕಾ ಎನ್ನುತ್ತಿದ್ದಳು. ಹಬ್ಬಹಬ್ಬಕ್ಕೂ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬರುತ್ತಿದ್ದಳು. ಹೋದ ವರ್ಷ ಮದುವೆ ಪತ್ರಿಕೆ ತಂದು ಅವರ ಕಾಲಿಗೆ ನಮಸ್ಕರಿಸಿ, “ಅಪ್ಪನ ಜಾಗಾದಾಗ ನೀವೇ ನಿಂದ್ರಬೇಕು ಕಾಕಾ,” ಎಂದಳು. ಅವರು ಪತ್ರಿಕೆಯನ್ನು ಮಡಚಿ ಜೇಬಿಗೆ ಹಾಕಿಕೊಂಡರು.

ಎರಡು ದಿನ ಅವರು ಊಟ ಮಾಡಿದಂತೆ ಕಾಣಲಿಲ್ಲ. ಮೂರನೆಯ ದಿನ ಬೆಳಿಗ್ಗೆ ನನ್ನನ್ನು ಕರೆದು, “ಬಿಟಿಎಮ್‌ಗೆ ಬನ್ನಿ. ನಾನು ಅರ್ಧಕ್ಕೆ ವಾಪಸ್ ಬರದಂಗೆ ನೋಡ್ಕೊಳ್ಳಿ,” ಎಂದರು.

ಶಿವಲೀಲಾ ಚಹಾ ತಂದಿಟ್ಟಳು. ಅವರು ಅದನ್ನು ಮುಟ್ಟದೆ, ನೆಟ್ಟಗೆ ಕೂತು, ವರದಿ ಒಪ್ಪಿಸುವ ದನಿಯಲ್ಲಿ ಹೇಳಿದರು: “ಚಳಿಗೆ ಅಂತ ಅಲ್ಲಿ ರಮ್ ಕೊಡ್ತಿದ್ರು. ಎಲ್ಲರಿಗೂ ಅಳತೆ ಇತ್ತು. ಅಳೆದು ಕೊಡೋನು ನಾನೇ. ಆವತ್ತು ಬೆಳಿಗ್ಗೆ ನನ್ನ ಅಳತೆ ಮೀರಿತ್ತು. ಎಡಗಡೆ ದಾರಿ ಬೇಡ ಅಂತ ವೈರ್‌ಲೆಸ್‌ನಲ್ಲಿ ಬಂತು. ಕೇಳಿಸ್ಕೊಂಡೆ, ಮರೆತೆ, ಎಡಕ್ಕೇ ಹೋಗು ಅಂದೆ. ನಿಮ್ಮಪ್ಪ, ‘ಸಾಬ್, ಎಡಕ್ಕಾ?’ ಅಂತ ಒಂದ್ಸಲ ಕೇಳ್ದ. ನಾನು ರೇಗ್ದೆ. ಅವನು ಹೋದ, ವಾಪಸ್ ಬರಲಿಲ್ಲ. ಇದು ಯಾರಿಗೂ ಗೊತ್ತಿಲ್ಲ. ನನಗೆ ಪದಕ ಕೊಟ್ರು.”

ಅವಳು ಆರಿದ ಚಹಾದ ಲೋಟ ಎತ್ತಿ ಒಳಗಿಟ್ಟು ಬಂದಳು. ಆಮೇಲೆ ಕೇಳಿದಳು: “ನಿಮ್ಮ ಎದಿ ಹಗುರಾತು ಕಾಕಾ. ನಂದು?”

ಅವರು ಎದ್ದು ಬಾಗಿಲಲ್ಲಿ ಷೂ ಹಾಕಿಕೊಂಡರು. ಆಟೋದಲ್ಲಿ ಬಿಳೇಕಹಳ್ಳಿ ದಾಟಿದ ಮೇಲೆ ಒಂದೇ ಮಾತು ಆಡಿದರು: “ಬೈದಿದ್ರೆ ಚೆನ್ನಾಗಿತ್ತು.”

ಮದುವೆ ಯಡಿಯೂರಿನ ಒಂದು ಛತ್ರದಲ್ಲಿತ್ತು. ಆ ಬೆಳಿಗ್ಗೆ ನಾನು ಕೆಳಗಿಳಿದಾಗ ಅವರು ಸ್ನಾನ ಮುಗಿಸಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಷೂ ಕಟ್ಟಿಕೊಂಡು ಜಗಲಿಯಲ್ಲಿ ಕೂತಿದ್ದರು. ಮುಂದೆ ಫೋನು ಇತ್ತು.

“ಹೊರಡೋಣ ಬನ್ನಿ, ಪತ್ರಿಕೆ ಕೊಟ್ಟಿದ್ದಾಳಲ್ಲ,” ಎಂದೆ.

“ಅದು ನಾನು ಹೇಳೋಕೆ ಮುಂಚೆ ಕೊಟ್ಟಿದ್ದು. ಈಗ ಅವಳು ಕರೀಬೇಕು. ನನಗೆ ಆಸೆ ಇದೆ ಅಂತ ಎದ್ದು ಹೋಗೋದು ತಪ್ಪಾಗುತ್ತೆ.”

ಎಷ್ಟು ಹೇಳಿದರೂ ಕೇಳಲಿಲ್ಲ. ಮಧ್ಯಾಹ್ನ ಎರಡರವರೆಗೂ ಬೆನ್ನು ಬಾಗಿಸದೆ ಹಾಗೇ ಕೂತಿದ್ದರು. ಫೋನು ಬರಲಿಲ್ಲ. ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಆರು ವಾರಕ್ಕೆ ಅವರು ಹೋಗಿಬಿಟ್ಟರು. ಬೆಳಿಗ್ಗೆ ಹಾಲಿನ ಪ್ಯಾಕೆಟ್ ಹೊರಗೇ ಇದ್ದುದನ್ನು ಕಂಡು ಬಾಗಿಲು ಒಡೆಸಿದೆವು. ನಿದ್ದೆಯಲ್ಲೇ ಹೃದಯ ನಿಂತಿತ್ತು.

ಹನ್ನೊಂದನೆಯ ದಿನ ಶಿವಲೀಲಾ ಗಂಡನೊಂದಿಗೆ ಬಂದಳು. ಬಾಗಿಲಲ್ಲೇ ನನ್ನನ್ನು ನಿಲ್ಲಿಸಿ, “ಮೇಷ್ಟ್ರೇ, ಕಾಕಾ ಮದವಿಗೆ ಯಾಕ ಬರಲಿಲ್ಲ? ಮಂಟಪದಾಗ ಅವರ ಜಾಗಾ ಹಂಗ ಬಿಡಸಿದ್ದೆ. ಬರಬ್ಯಾಡ್ರಿ ಅಂತ ನಾ ಅಂದಿರಲಿಲ್ಲಲ್ಲ,” ಎಂದಳು.

ಸುಳ್ಳು ಹೇಳಬಹುದಿತ್ತು. ಮೈ ಸರಿಯಿರಲಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಹೇಳಿಬಿಟ್ಟೆ: “ಷೂ ಹಾಕ್ಕೊಂಡು ಇಲ್ಲೇ ಕೂತಿದ್ರಮ್ಮ. ನೀನು ಕರೀತೀಯ ಅಂತ.”

ಅವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಗಂಡ ನೀರು ತರಲು ಒಳಗೆ ಓಡಿದ.