ಎದುರು ಕೂತು ಕಲಿತ ಅಕ್ಷರ

ಲಟಲಟ, ಲಟಲಟ, ಕಿರ್ರ್... ನಾನು ಚಿಕ್ಕವಳಿದ್ದಾಗ ನನಗೆ ಬೆಳಗಾಗುತ್ತಿದ್ದದ್ದು ಈ ಸದ್ದಿನಿಂದ. ಅದು ಅಪ್ಪನ ಸೈಕಲ್ಲಿನ ಸಡಿಲವಾದ ಮಡ್‌ಗಾರ್ಡ್. ಜಾಲಹಳ್ಳಿಯಲ್ಲಿ ಫ್ಯಾಕ್ಟರಿಯ ನೈಟ್ ಶಿಫ್ಟ್ ಬಿಟ್ಟ ಕೂಡಲೇ ನಮ್ಮ ಕ್ವಾರ್ಟರ್ಸಿನ ರಸ್ತೆ ತುಂಬ ಸೈಕಲ್ಲುಗಳು. ಬೆಲ್ಲುಗಳೆಲ್ಲ ಒಟ್ಟಿಗೆ ಟ್ರಿಣ್ ಟ್ರಿಣ್ ಎನ್ನುತ್ತಿದ್ದವು. ಅಷ್ಟು ಗದ್ದಲದಲ್ಲೂ ನಾನು ಆ ಲಟಲಟವನ್ನು ಹೆಕ್ಕಿ ತೆಗೆಯುತ್ತಿದ್ದೆ. ಪಕ್ಕದ ಮನೆಯ ಆಂಟಿಯ ಮಂಚದಿಂದ ಇಳಿದು, ಬರಿಗಾಲಲ್ಲಿ ಓಡಿ, ಗೇಟಿನ ಕಂಬಿ ಹಿಡಿದು ನಿಲ್ಲುತ್ತಿದ್ದೆ.

ನನ್ನ ಅಮ್ಮ ನನಗೆ ನೆನಪಿಲ್ಲ. ನನಗೆ ತಿಳಿವು ಬರುವ ಮೊದಲೇ ಹೋಗಿಬಿಟ್ಟಿದ್ದರು. ಮನೆಯಲ್ಲಿ ಅಪ್ಪ ಮತ್ತು ನಾನು, ಇಬ್ಬರೇ. ರಾತ್ರಿ ಅಪ್ಪ ಕೆಲಸಕ್ಕೆ ಹೋದರೆ ನಾನು ಆಂಟಿಯ ಮನೆಯಲ್ಲಿ ಮಲಗುತ್ತಿದ್ದೆ. ಹಗಲು ಅಪ್ಪ ಮಲಗುತ್ತಿದ್ದರು, ನಾನು ಎದ್ದಿರುತ್ತಿದ್ದೆ. ಇಬ್ಬರೂ ಒಟ್ಟಿಗೆ ಎಚ್ಚರವಾಗಿರುತ್ತಿದ್ದದ್ದು ಬೆಳಗ್ಗೆ ಸ್ವಲ್ಪ ಹೊತ್ತು, ಸಂಜೆ ಸ್ವಲ್ಪ ಹೊತ್ತು, ಅಷ್ಟೇ.

ಬೆಳಗಿನ ಆ ಸ್ವಲ್ಪ ಹೊತ್ತೇ ನನ್ನ ಸ್ಕೂಲ್. ಅಪ್ಪ ಕೈಕಾಲು ತೊಳೆದು, ಸ್ಟವ್ ಹಚ್ಚಿ ತಮಗೆ ಕಾಫಿ ನನಗೆ ಹಾಲು ಕಾಯಿಸಿ, ಕೆಂಪು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದರು. ನಾನು ಅವರ ಎದುರಿಗೆ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ. ಎಷ್ಟು ಸೋಪು ಹಾಕಿ ತಿಕ್ಕಿದರೂ ಅವರ ಕೈಯಿಂದ ಮೆಷಿನ್ ಆಯಿಲ್‌ನ ವಾಸನೆ ಹೋಗುತ್ತಿರಲಿಲ್ಲ. ನನಗೆ ಅಕ್ಷರ ಎಂದರೆ ಆ ವಾಸನೆಯೇ. ಸೀಮೆಸುಣ್ಣದಲ್ಲಿ ದೊಡ್ಡದಾಗಿ ಒಂದೊಂದೇ ಅಕ್ಷರ ಬರೆದು, "ಇದು ಎ. ಇದು ಬಿ. ಕನ್ನಡ ಮನೇಲೇ ಇದೆ, ಎಲ್ಲೂ ಓಡಿಹೋಗಲ್ಲ. ಇವುನ್ನ ಮೊದಲು ಹಿಡ್ಕೋಬೇಕು ಕಣೇ" ಎನ್ನುತ್ತಿದ್ದರು.

ಪಾಠ ಮುಗಿಯುವಷ್ಟರಲ್ಲಿ ಅವರ ಕಣ್ಣು ಎಳೆಯುತ್ತಿತ್ತು. "ನಾನು ಏಳೋವರೆಗೂ ಇದರ ಮೇಲೇ ತಿದ್ದು ಪುಟ್ಟಿ. ಸೈಲೆನ್ಸ್, ಆಯ್ತಾ?" ಎಂದು ಬಾಗಿಲಿಗೆ ಚಿಲಕ ಹಾಕಿ ಮಲಗಿಬಿಡುತ್ತಿದ್ದರು.

ಆಮೇಲೆ ಮನೆಯಲ್ಲಿ ನಾನೊಬ್ಬಳೇ. ಅಪ್ಪ ಇದ್ದರು, ಆದರೂ ಒಬ್ಬಳೇ. ಬೀದಿಯ ಮಕ್ಕಳೆಲ್ಲ ಯೂನಿಫಾರ್ಮ್ ಹಾಕಿಕೊಂಡು ಹೋಗಿಯಾಗಿರುತ್ತಿತ್ತು. ಕಿಟಕಿಯಿಂದ ಬಿದ್ದ ಬಿಸಿಲು ನೆಲದ ಮೇಲೆ ನಿಧಾನವಾಗಿ ಜರುಗುತ್ತಿತ್ತು, ನಾನೂ ಅದರ ಹಿಂದೆ ಜರುಗುತ್ತಿದ್ದೆ. ಕೆಮ್ಮು ಬಂದರೆ ಲಂಗದ ತುದಿಯನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದೆ. ಗೋಡೆಯ ಹಲ್ಲಿಗೆ ಪಿಸುದನಿಯಲ್ಲಿ ಎ ಬಿ ಸಿ ಡಿ ಹೇಳಿಕೊಡುತ್ತಿದ್ದೆ. ಅದು ಒಂದೊಂದು ಸಲ ಲೊಚ್ ಎಂದು ಉತ್ತರ ಕೊಡುತ್ತಿತ್ತು. ಅಪ್ಪ ಮಗ್ಗುಲು ಬದಲಿಸಿದರೆ, ಎದ್ದರೇನೋ ಎಂದು ಹತ್ತಿರ ಹೋಗಿ ಬಗ್ಗಿ ನೋಡುತ್ತಿದ್ದೆ. ಅವರು ಏಳುತ್ತಿರಲಿಲ್ಲ.

ಒಂದು ಸಲ ಆ ಆಂಟಿಯ ಮನೆಯವರಿಗೆ ದೂರದ ಊರಿಗೆ ಟ್ರಾನ್ಸ್‌ಫರ್ ಆಯಿತು. ಇನ್ನು ರಾತ್ರಿ ನನ್ನನ್ನು ನೋಡಿಕೊಳ್ಳುವವರು ಯಾರು? ಸುದ್ದಿ ತಿಳಿದ ಕೂಡಲೇ ಆನೇಕಲ್ಲಿನಿಂದ ಅತ್ತೆ ಬಂದರು. ಅತ್ತೆ ಎಂದರೆ ಅಪ್ಪನ ಅಕ್ಕ. ಅವರಿಗೆ ಮಕ್ಕಳಿರಲಿಲ್ಲ. ಗಂಡ ತೀರಿಹೋಗಿದ್ದರು. ಒಂದಿಷ್ಟು ರಾಗಿ ಹೊಲ, ಒಂದು ಎಮ್ಮೆ, ಇಷ್ಟೇ ಅವರ ಸಂಸಾರ. ಬಂದವರೇ ಸೊಂಟದ ಮೇಲೆ ಕೈಯಿಟ್ಟುಕೊಂಡು ಅಪ್ಪನನ್ನು ತರಾಟೆಗೆ ತೆಗೆದುಕೊಂಡರು.

"ಏನ್ಲಾ ತಮ್ಮ, ಮಗೀನ ಕೂಡಾಕಿ ಮಲಿಕತೀಯಲ್ಲ, ಅದೇನು ಕೋಳಿಮರಿಯೇನ್ಲಾ? ಮಂಕರಿ ಕವುಚಾಕಿದಂಗೆ!"

"ಪಾಠ ಹೇಳ್ಕೊಡ್ತಾ ಇದೀನಿ ಅಕ್ಕ."

"ಗೊರಕೆ ಒಡೀತಾ ಏಳ್ಕೊಡ್ತೀಯಾ? ನನ್ ಜೊತೆ ಕಳ್ಸು. ನಮ್ಮನೇಲಿ ಎಮ್ಮೆ ಐತೆ, ಕರ ಐತೆ, ಮಾತಾಡಕ್ಕೆ ನಾನಿವ್ನಿ."

ಅಪ್ಪ ತಮ್ಮ ಯೋಚನೆಯನ್ನು ಹೇಳಿದರು. ಹತ್ತಿರದ ಕಾನ್ವೆಂಟಿನಲ್ಲಿ ಚಿಕ್ಕ ಮಕ್ಕಳನ್ನು ಸಂಜೆಯವರೆಗೂ ಇರಿಸಿಕೊಳ್ಳುತ್ತಾರೆ. ನನಗೆ ಅಲ್ಲಿ ಸೀಟು ಸಿಕ್ಕರೆ ಅಪ್ಪ ಹಗಲಿನ ಜನರಲ್ ಶಿಫ್ಟ್ ಕೇಳಿಕೊಳ್ಳಬಹುದು. ಆಗ ರಾತ್ರಿ ಇಬ್ಬರೂ ಮನೆಯಲ್ಲಿರಬಹುದು. ನಾಳೆ ಇಂಟರ್‌ವ್ಯೂ. "ಸೀಟು ಸಿಕ್ಕಿದ್ರೆ ಇವಳು ಇಲ್ಲೇ ಇರಲಿ ಅಕ್ಕ. ಸಿಗದಿದ್ರೆ ನಾಳೇನೇ ನಿನ್ ಜೊತೆ ಕಳಿಸಿಕೊಡ್ತೀನಿ."

"ಆಯ್ತು ಬುಡು" ಎಂದರು ಅತ್ತೆ. ಆ ರಾತ್ರಿ ಅವರ ಪಕ್ಕದಲ್ಲೇ ನನ್ನನ್ನು ಮಲಗಿಸಿಕೊಂಡರು. ವೀಳ್ಯದೆಲೆ, ಬೆಣ್ಣೆ, ಬೆರಣಿ ಒಲೆಯ ಹೊಗೆ, ಎಲ್ಲ ಸೇರಿದ ವಾಸನೆ ಅವರ ಸೀರೆಗೆ. ಚೆನ್ನಾಗಿಯೇ ಇತ್ತು. ಆದರೂ ನಾನು ಮನಸ್ಸಿನಲ್ಲೇ ಎ ಬಿ ಸಿ ಡಿ ಹೇಳಿಕೊಳ್ಳುತ್ತಲೇ ಇದ್ದೆ. ಒಂದಕ್ಷರ ತಪ್ಪಿದರೂ ಅಪ್ಪ ಇಲ್ಲ ಎಂದು ನನಗೆ ಅರ್ಥವಾಗಿತ್ತು.

ಮಾರನೆಯ ಬೆಳಗ್ಗೆ ಮೂವರೂ ಹೊರಟೆವು. ಅತ್ತೆ ತಮ್ಮ ಬಟ್ಟೆಯ ಚೀಲವನ್ನೂ ಹಿಡಿದುಕೊಂಡರು. ಹಾಗೇ ಬಸ್ಸಿಗೆ ಹೋಗಲು ಅನುಕೂಲ ಎಂದು ನನ್ನ ಬಟ್ಟೆಗಳನ್ನೂ ಅದರಲ್ಲೇ ಮಡಿಸಿ ಇಟ್ಟಿದ್ದರು. ಕಾನ್ವೆಂಟಿನ ಮರದ ಕೆಳಗಿನ ಕಲ್ಲುಬೆಂಚಿನಲ್ಲಿ ಅವರು ಕೂತರು. ಅಪ್ಪ, ನಾನು ಒಳಗೆ ಹೋದೆವು.

ಮೇಣ ಹಾಕಿ ಉಜ್ಜಿದ ಮೇಜು, ಅದರಾಚೆ ಮಂಗಳೂರಿನ ಕಡೆಯ ಒಬ್ಬ ಸಿಸ್ಟರ್. ದುಂಡುಮುಖ, ದಪ್ಪ ಕನ್ನಡಕ. ಅವರ ಮುಂದೆ ಅಕ್ಷರದ ದೊಡ್ಡ ಪುಸ್ತಕ ತೆರೆದಿತ್ತು. ಅದರ ಮೇಲೆ ಬೆರಳಿಟ್ಟು, ನಾನು ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ, "ವಾಟ್ ಈಸ್ ದಿಸ್, ಚೈಲ್ಡ್?" ಎಂದರು.

"ಎ" ಎಂದೆ.

"ಆ್ಯಂಡ್ ದಿಸ್?"

"ಜಿ."

"ಇದು?"

"ಆರ್."

ಅಪ್ಪ ಉಸಿರು ಬಿಟ್ಟದ್ದು ಕೇಳಿಸಿತು. ಸಿಸ್ಟರ್ ನಕ್ಕು, "ಅಯ್ಯೋ ಪಾಪ, ಅಲ್ಲಿಂದ ನಿನಗೆ ಸರಿ ಕಾಣುವುದಿಲ್ಲ ಅಲ್ವಾ?" ಎಂದು ಪುಸ್ತಕವನ್ನು ಪ್ರೀತಿಯಿಂದ ನನ್ನ ಕಡೆಗೆ ತಿರುಗಿಸಿದರು.

ಮುಗಿಯಿತು. ಪುಟದ ತುಂಬ ನನಗೆ ಗುರುತಿಲ್ಲದ ಯಾರ್‍ಯಾರೋ ನಿಂತಿದ್ದರು. ಸಿಸ್ಟರ್ ಎಂ ತೋರಿಸಿದರು. ನಾನು ಡಬ್ಲ್ಯೂ ಎಂದೆ. ಎ ತೋರಿಸಿದರು. ಗುರುತೇ ಸಿಗಲಿಲ್ಲ. "ಈಗ ತಾನೇ ಹೇಳಿದೆಯಲ್ಲಾ ಮಗೂ?" ಎಂದರು. ಅಪ್ಪ ಮುಂದೆ ಬಗ್ಗಿ, "ಹೇಳೇ ಪುಟ್ಟಿ, ದಿನಾ ಹೇಳ್ತೀಯಲ್ಲ" ಎಂದರು. ಕಿಟಕಿಯಿಂದ ಅತ್ತೆಯ ಸೀರೆಯ ಸೆರಗು, ಪಕ್ಕದಲ್ಲಿ ಆ ಚೀಲ ಕಾಣುತ್ತಿತ್ತು.

ನಾನು ಅಳುತ್ತ ಕುರ್ಚಿಯಿಂದ ಜಾರಿ ಇಳಿದೆ. ಮೇಜನ್ನು ಸುತ್ತಿ ಹೋಗಿ ಸಿಸ್ಟರ್ ಪಕ್ಕ ನಿಂತೆ. ಅಲ್ಲಿಂದ ನೋಡಿದರೆ ನನ್ನ ಅಕ್ಷರಗಳೆಲ್ಲ ವಾಪಸು ಬಂದಿದ್ದವು! ಮೂಗು ಒರೆಸಿಕೊಳ್ಳುತ್ತ ಎ, ಬಿ, ಸಿ ಎಂದು ಶುರು ಮಾಡಿದವಳು ಝಡ್‌ವರೆಗೂ ನಿಲ್ಲಿಸಲಿಲ್ಲ.

ಸಿಸ್ಟರ್ ಒಮ್ಮೆ ಪುಸ್ತಕ ನೋಡಿದರು, ಒಮ್ಮೆ ನನ್ನನ್ನು. "ಎಂತ ಮಾರಾಯ್ರೇ ಇದು! ಇವಳು ಇಡೀ ಆಲ್ಫಬೆಟ್ಟನ್ನು ತಲೆಕೆಳಗು ಮಾಡಿ ಕಲಿತಿದ್ದಾಳಲ್ಲ! ಕಲಿಸಿದ್ದು ಯಾರು?"

"ನಾನೇ ಸಿಸ್ಟರ್. ನೈಟ್ ಶಿಫ್ಟ್ ಮುಗಿಸ್ಕೊಂಡು ಬಂದು, ನೆಲದ ಮೇಲೆ ಬರೆದು... ಎದುರಿಗೆ ಕೂತ್ಕೊಂಡು..." ಅಪ್ಪನ ಮಾತು ಅಲ್ಲೇ ನಿಂತಿತು. ಗಾಳಿಯಲ್ಲಿ ಬೆರಳಿನಿಂದ ಒಂದು ಎ ಬರೆದರು, ಕತ್ತು ತಿರುಗಿಸಿ ನನ್ನ ಕಡೆಯಿಂದ ನೋಡಿದರು, ಹಣೆ ಚಚ್ಚಿಕೊಂಡರು. ತಮಗೆ ನೆಟ್ಟಗೆ ಕಂಡದ್ದೆಲ್ಲ ನನಗೆ ಬುಡಮೇಲಾಗಿ ಕಾಣುತ್ತಿತ್ತು ಎನ್ನುವುದು ಅವರಿಗೆ ಹೊಳೆದೇ ಇರಲಿಲ್ಲ.

ಸಿಸ್ಟರ್ ನಗಲು ಹೊರಟವರು ನಗಲಿಲ್ಲ. "ನೀವು ಮಲಗುವುದು ಯಾವಾಗ?" ಎಂದು ಕೇಳಿದರು.

"ಇವಳು ತಿದ್ದೋವಾಗ."

"ಆಗ ಇವಳ ಹತ್ತಿರ ಮಾತಾಡುವುದು ಯಾರು?"

ಹಲ್ಲಿಯ ವಿಷಯ ಹೇಳೋಣವೆಂದು ನನಗೆ ಅನ್ನಿಸಿತು, ಹೇಳಲಿಲ್ಲ.

"ಸೋಮವಾರ ಕರ್ಕೊಂಡು ಬನ್ನಿ" ಎಂದರು ಸಿಸ್ಟರ್. "ಅಕ್ಷರ ತಿರುಗಿಸುವುದು ನಾವು ಮಾಡ್ತೇವೆ."

ಅಕ್ಷರಗಳು ಬೇಗ ತಿರುಗಿದವು. ಅಪ್ಪನಿಗೆ ಜನರಲ್ ಶಿಫ್ಟ್ ಸಿಕ್ಕಿತು. ರಾತ್ರಿ ಅವರ ಪಕ್ಕದಲ್ಲೇ ಮಲಗಿದೆ. ಬೇಕೆಂದದ್ದೆಲ್ಲ ಆಯಿತು. ಆದರೆ ಕ್ಲಾಸಿನಲ್ಲಿ ಎಲ್ಲ ಮಕ್ಕಳೂ ಬೋರ್ಡಿನ ಕಡೆ ಮುಖ ಮಾಡಿ ಸಾಲಾಗಿ ಕೂರುತ್ತಿದ್ದೆವು. ನನಗೆ ಕಾಣುತ್ತಿದ್ದದ್ದು ಮುಂದಿನವಳ ಜಡೆ. ಮನೆಯಲ್ಲಿ ಇನ್ನು ಕಲಿಸಬೇಡಿ, ಮಗುವಿಗೆ ಕನ್‌ಫ್ಯೂಸ್ ಆಗುತ್ತದೆ ಎಂದು ಟೀಚರ್ ಹೇಳಿ ಕಳಿಸಿದರು. ಅಪ್ಪ ಸೀಮೆಸುಣ್ಣವನ್ನು ಅಟ್ಟದ ಮೇಲೆ ಇಟ್ಟುಬಿಟ್ಟರು.

ಮಕ್ಕಳೇ, ನಿಮ್ಮಲ್ಲಿ ಚಿಕ್ಕವನನ್ನು ನರ್ಸರಿಗೆ ಕಳಿಸುವುದಿಲ್ಲ, ಹೋಮ್‌ಸ್ಕೂಲಿಂಗ್ ಮಾಡುತ್ತೇನೆ ಎಂದು ನಿಮ್ಮಮ್ಮ ಹೇಳಿದಾಗ ನಿಮ್ಮ ಈ ಅಜ್ಜಿಗೆ ಧಸಕ್ಕೆಂದಿತ್ತು. ಈಗ ನೋಡಿದರೆ, ಪಟ್ಟಂದೂರು ಅಗ್ರಹಾರದ ಈ ಎತ್ತರದ ಫ್ಲ್ಯಾಟಿನಲ್ಲಿ ಅವನಿಗೆ ಏನಿಲ್ಲ? ಮರದ ಅಕ್ಷರಗಳಿವೆ, ಬೆರಳಲ್ಲಿ ಬರೆಯಲು ರವೆ ಹರಡಿದ ತಟ್ಟೆ ಇದೆ. ನಿಮ್ಮಮ್ಮ ಓದಿ ತಿಳಿದುಕೊಂಡವಳು, ಎದುರಿಗೆ ಕೂರುವುದಿಲ್ಲ, ಪಕ್ಕದಲ್ಲೇ ಕೂರುತ್ತಾಳೆ. ಆಮೇಲೆ ಅವಳ ಆಫೀಸಿನ ಕಾಲ್ ಬರುತ್ತದೆ. ಹೆಡ್‌ಫೋನ್ ಹಾಕಿಕೊಂಡು, ತುಟಿಯ ಮೇಲೆ ಬೆರಳಿಟ್ಟು ಬಾಗಿಲು ಹಾಕಿಕೊಳ್ಳುತ್ತಾಳೆ. ಅವನು ಬಾಲ್ಕನಿಯ ಗ್ರಿಲ್ ಹಿಡಿದು ಕೆಳಗೆ ನೋಡುತ್ತಾನೆ. ಅಲ್ಲಿ ಕಟ್ಟುತ್ತಿರುವ ಟವರಿನ ಹತ್ತಿರ ರಾಯಚೂರಿನ ಕಡೆಯ ಕೂಲಿಯವರ ಮಕ್ಕಳು ಮರಳಿನಲ್ಲಿ ಕಿರುಚಿಕೊಂಡು ಆಡುತ್ತಿರುತ್ತಾರೆ. ಅವನು ತುಂಬ ಮೆಲ್ಲಗೆ, ಅಮ್ಮನಿಗೆ ಕೇಳಿಸದ ಹಾಗೆ, "ಹಾಯ್" ಎನ್ನುತ್ತಾನೆ. ಅಷ್ಟು ಮೇಲಿನಿಂದ ಅವರಿಗೆ ಕೇಳಿಸುವುದಿಲ್ಲ. ಆಗ ನಾನು ಮಂಡಿ ಹಿಡಿದುಕೊಂಡು ಹೋಗಿ ಅವನ ಪಕ್ಕ ಕುರ್ಚಿ ಎಳೆದುಕೊಳ್ಳುತ್ತೇನೆ. ಅವನಿಗೆ ಮಾತಿಗೆ ನಾನಿದ್ದೇನೆ. ನನ್ನ ಮಾತಿಗೆಂದು ಆನೇಕಲ್ಲಿನಿಂದ ಬಂದಿದ್ದವರು ಅತ್ತೆ.

ಆ ದಿನ ಕಾನ್ವೆಂಟಿನಿಂದ ಹೊರಗೆ ಬಂದು ಅಪ್ಪ, "ಅಕ್ಕಾ, ಸೀಟು ಸಿಕ್ತು!" ಎಂದು ಕೂಗಿದಾಗ ಅತ್ತೆ ಬೆಂಚಿನಿಂದ ಎದ್ದರು. "ಸಿಕ್ತಾ?" ಎಂದರು. ಮತ್ತೆ, "ಸಿಕ್ತಾ... ಒಳ್ಳೇದಾಯ್ತು ಬುಡು" ಎಂದರು. ಚೀಲ ಬಿಚ್ಚಿ ನನ್ನ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಅಪ್ಪನ ಕೈಗೆ ಕೊಟ್ಟರು. ಕೊನೆಗೆ ಅಡಿಯಿಂದ ನಾನು ನೋಡಿರದ ಒಂದು ಹಸಿರು ಲಂಗ ಬಂತು. ಅಂಚನ್ನು ಅಗಲವಾಗಿ ಒಳಗೆ ಮಡಿಸಿ ಹೊಲಿದಿದ್ದರು, ನಾನು ಉದ್ದವಾದಂತೆ ಬಿಚ್ಚಿಕೊಳ್ಳಲು. "ಇಸ್ಕೂಲಿಗೆ ಇದ್ನ ಆಕ್ಕಳಂಗಿಲ್ವೇನೋ. ಮನೇಲಾದ್ರೂ ಆಕ್ಕೋ. ಇಂಗ್ಲೀಸ್ ಕಲ್ತು ಬಂದು ನಮ್ಮ ಎಮ್ಮೇಗೂ ಏಳ್ಕೊಡವ್ವ, ಅದು ನನ್ ಮಾತೇ ಕೇಳಾಕಿಲ್ಲ" ಎಂದರು. ಅಪ್ಪ ಜೋರಾಗಿ ನಕ್ಕರು. ಅತ್ತೆ ನನ್ನ ಕೆನ್ನೆ ಸವರಿ ನೆಟಿಗೆ ಮುರಿದರು.

ಮಾರ್ಕೆಟ್ಟಿಗೆ ಹೋಗುವ ಬಸ್ಸು ಬಂತು. ಅಲ್ಲಿಂದ ಅವರು ಆನೇಕಲ್ ಬಸ್ಸು ಹಿಡಿಯಬೇಕಿತ್ತು. ಬೇಸಿಗೆ ರಜೆಗೆ ನಾವೇ ಬರುತ್ತೇವೆ ಎಂದು ಅಪ್ಪ ಹೇಳಿದರು. ಆ ರಜೆ ಬರುವ ಮೊದಲೇ ಅತ್ತೆ ಜ್ವರದಲ್ಲಿ ಹೋಗಿಬಿಟ್ಟರು. ಆದರೆ ಅವತ್ತು ಅದು ಯಾರಿಗೆ ಗೊತ್ತಿತ್ತು? ನಾನು ಅಪ್ಪನ ಬೆರಳು ಹಿಡಿದು ರಸ್ತೆಯ ಪಕ್ಕ ನಿಂತಿದ್ದೆ. ಅತ್ತೆ ಹತ್ತಿ, ಇಬ್ಬರು ಕೂರುವ ಒಂದು ಸೀಟಿನಲ್ಲಿ ಕಿಟಕಿಯ ಕಡೆ ಜಾಗ ಬಿಟ್ಟು ಈಚೆ ಕೂತರು. ನಿಂತಿದ್ದ ಒಬ್ಬ ಹೆಂಗಸು ಕೇಳಿದಳು, "ಅಲ್ಲಿ ಯಾರಾದ್ರೂ ಬರ್ತಾರೇನಮ್ಮ?"

ಅತ್ತೆ ಕಿಟಕಿಯಾಚೆ ನನ್ನನ್ನು ನೋಡಿದರು.

"ಇಲ್ಲ ಕಣವ್ವ, ಯಾರೂ ಇಲ್ಲ" ಎಂದು ಹೇಳಿ, ಕಿಟಕಿಯ ಕಡೆಗೆ ಜರುಗಿ ಕೂತರು. ಬಸ್ಸು ಹೊರಟಿತು.