ರವಿವಾರದ ಬಾಕು ಮತ್ತು ಪುಸ್ತಕದಂಗಡಿಯ ಚಾಚಾ

ಪುಸ್ತಕದಂಗಡಿಯ ಚಾಚಾ ಅವರ ಬಲಗೈ ಹೆಬ್ಬೆರಳಿನ ಉಗುರು ಉದ್ದವಾಗಿಯೂ ಗಟ್ಟಿಯಾಗಿಯೂ ಇದ್ದು, ತುದಿಗೆ ಖಾಕಿ ಕಾಗದದ ಬಣ್ಣ ಹಿಡಿದಿತ್ತು. ಹೊಸ ಪುಸ್ತಕಕ್ಕೆ ಹೊದಿಕೆ ಹಾಕುವಾಗ ಅವರು ಅಳತೆಪಟ್ಟಿಯನ್ನಾಗಲಿ ಕತ್ತರಿಯನ್ನಾಗಲಿ ಮುಟ್ಟುತ್ತಿರಲಿಲ್ಲ. ಕಾಗದವನ್ನು ಮಡಿಚಿ, ಮಡಿಕೆಯ ಮೇಲೆ ಆ ಉಗುರನ್ನು ಸರ್ರನೆ ಎಳೆದರೆ ಸಾಕು, ಕಾಗದವು ಗೆರೆ ಕೊರೆದಂತೆ ನೇರವಾಗಿ ಎರಡಾಗುತ್ತಿತ್ತು. ಎಳೆಯುವ ಆ ಒಂದು ಗಳಿಗೆ ಅವರ ನಾಲಿಗೆಯ ತುದಿ ಮೀಸೆಯ ಕೆಳಗಿನಿಂದ ಸ್ವಲ್ಪ ಹೊರಗೆ ಬರುತ್ತಿತ್ತು. ನಾವು ಮಕ್ಕಳು ಅದನ್ನು ನೋಡಲೆಂದೇ ಕಟ್ಟೆಯ ಮುಂದೆ ನಿಲ್ಲುತ್ತಿದ್ದೆವು.

ಈ ಲೇಖನವನ್ನು ಬರೆಯುತ್ತಿರುವ ನಾನು ರಾಮದುರ್ಗದ ಒಂದು ಕಚೇರಿಯಲ್ಲಿ ಪತ್ರವ್ಯವಹಾರ ನೋಡಿಕೊಳ್ಳುವ ಗುಮಾಸ್ತೆ. ಜ್ಞಾಪನ, ಉತ್ತರ, ಮರುಜ್ಞಾಪನ ಇವುಗಳನ್ನು ಬಿಟ್ಟು ಬೇರೇನನ್ನೂ ಈವರೆಗೆ ಬರೆದವಳಲ್ಲ. ಆದ್ದರಿಂದ ನನ್ನ ವಾಕ್ಯಗಳಲ್ಲಿ ಕಚೇರಿಯ ಧಾಟಿ ಕಂಡುಬಂದಲ್ಲಿ ಓದುಗರು ದಯವಿಟ್ಟು ಮನ್ನಿಸಬೇಕೆಂದು ಕೋರುತ್ತೇನೆ. ಬರೆಯದೆ ಇರಲು ಮಾತ್ರ ಸಾಧ್ಯವಾಗಲಿಲ್ಲ.

ಸದರಿ ಅಂಗಡಿಯು ಬೈಲಹೊಂಗಲದ ಬಜಾರದಲ್ಲಿ, ಬಟ್ಟೆಯಂಗಡಿಗಳ ಸಾಲು ಮುಗಿಯುವಲ್ಲಿ ಇತ್ತು. ಪಠ್ಯಪುಸ್ತಕ, ಪಾಟಿ, ಪೆನ್ನು, ಹಾಳೆ ಮಾರಿ ಜೀವನ ಸಾಗುತ್ತಿತ್ತು. ಆದರೆ ಒಳಗಿನ ಒಂದು ಕಪಾಟಿನಲ್ಲಿ ಮಕ್ಕಳ ಮತ್ತು ಹದಿವಯಸ್ಸಿನವರ ಹೊಸ ಕಾದಂಬರಿಗಳಿದ್ದವು. ಧಾರವಾಡಕ್ಕೆ ಸಾಮಾನು ತರಲು ಹೋದಾಗಲೆಲ್ಲ ಅವರು ಹೊಸದಾಗಿ ಬಂದವನ್ನು ಕೇಳಿ ತರುತ್ತಿದ್ದರು. ಪ್ರತಿ ಕಾದಂಬರಿಯ ಒಂದು ಪ್ರತಿಗೆ ಖಾಕಿ ಹೊದಿಕೆ ಹಾಕಿ ಬೇರೆ ಇಡುತ್ತಿದ್ದರು. ಅದು ನಮ್ಮ ಪಾಲಿನದು. ಯಾರು ಬೇಕಾದರೂ ಪುಕ್ಕಟೆ ಒಯ್ದು ಓದಬಹುದಿತ್ತು. ಆದರೆ ಓದಿದವರು ರವಿವಾರ ಮಧ್ಯಾಹ್ನ ಅಂಗಡಿಯ ಕಟ್ಟೆಯ ಮೇಲಿನ ಉದ್ದನೆಯ ಬಾಕಿನ ಮೇಲೆ ಕುಳಿತು, ಆ ಪುಸ್ತಕ ಕೊಳ್ಳಲು ಬಂದ ಗಿರಾಕಿಯ ಎದುರಿಗೆ ತಮ್ಮ ಅಭಿಪ್ರಾಯ ಹೇಳಬೇಕಿತ್ತು. ಮೆಚ್ಚಿದವರು ಬಾಕಿನ ಒಂದು ತುದಿಗೆ, ಮೆಚ್ಚದವರು ಇನ್ನೊಂದು ತುದಿಗೆ. ಎರಡೂ ತುದಿಯವರು ಮಾತಾಡುವವರೆಗೆ ಅವರು ಆ ಪುಸ್ತಕವನ್ನು ಮಾರುತ್ತಿರಲಿಲ್ಲ.

ಪಕ್ಕದ ಅಂಗಡಿಯವರು, "ಚಾಚಾ, ಬಂದ ಗಿರಾಕಿನ್ನ ಓಡಸಾಕ ಹುಡುಗರನ್ನ ಪಗಾರ ಕೊಟ್ಟು ಇಟ್ಟೀರೇನ್ರಿ?" ಎಂದು ಚಾಷ್ಟಿ ಮಾಡುತ್ತಿದ್ದರು.

ಅದಕ್ಕೆ ಅವರ ಉತ್ತರ ಒಂದೇ ಇತ್ತು: "ಬರಿಯಾವರು ದೊಡ್ಡವರು, ಮಾರಾವರು ದೊಡ್ಡವರು, ಆರಿಸಿ ಕೊಡಾವರೂ ದೊಡ್ಡವರು. ಓದಾವರನ್ನ ಯಾರರ ಕೇಳೀರೇನ?"

ಅಭಿಪ್ರಾಯವೆಂದರೆ ಸುಮ್ಮನೆ "ಚಲೋ ಐತ್ರಿ" ಎಂದು ಜಾರಿಕೊಳ್ಳುವಂತಿರಲಿಲ್ಲ. "ಚಲೋ ಐತಿ ಅನ್ನೂದು ಬಿಸ್ಕೀಟಿಗೆ ಸಾಕು ಬೇಟಾ, ಪುಸ್ತಕಕ್ಕ ಸಾಲೂದಿಲ್ಲ. ಎಲ್ಲಿ ಚಲೋ ಐತಿ? ಯಾವ ಜಾಗಾದಾಗ ನಿನಗ ಊಟಕ್ಕ ಕರದ್ರೂ ಕೇಳಿಸಲಿಲ್ಲ?" ಎಂದು ಕೆದಕುತ್ತಿದ್ದರು. ಹೀಗಾಗಿ ನಮ್ಮ ಬಾಯಿ ಬಹಳ ಹರಿತವಾಯಿತು. ಮಾತಾಡುವ ನಾಯಿಯೊಂದರ ಕಾದಂಬರಿಗೆ ನನ್ನ ಗೆಳತಿ, "ನಾಯಿ ಇಷ್ಟು ಶಾಣ್ಯಾ ಇದ್ದದ್ದು, ಕಳ್ಳ ಬಂದಾಗ ಯಾಕ ಬೊಗಳಲಿಲ್ರಿ?" ಎಂದು ಕೇಳಿದಳು. ದೊಡ್ಡ ಊರಿನ ಎತ್ತರದ ಕಟ್ಟಡದಲ್ಲಿ ಲಿಫ್ಟು ಕೆಟ್ಟು ಮಕ್ಕಳು ಸಂಕಟಪಡುವ ಇನ್ನೊಂದು ಕಾದಂಬರಿಗೆ ಸವದತ್ತಿಯ ಹುಡುಗನೊಬ್ಬ, "ನಮ್ಮ ಗುಡ್ಡಾ ಹತ್ತಿ ನೋಡಂತ ಹೇಳ್ರಿ ಅವಕ್ಕ," ಎಂದುಬಿಟ್ಟ. ಚಾಚಾ ನಕ್ಕರೆ ಹೊಟ್ಟೆಯೊಂದೇ ನಗುತ್ತಿತ್ತು, ಸಪ್ಪಳ ಬರುತ್ತಿರಲಿಲ್ಲ.

ಅವರಿಗೂ ಒಂದು ದೌರ್ಬಲ್ಯವಿತ್ತೆಂಬುದನ್ನು ಇಲ್ಲಿ ನಮೂದಿಸುವುದು ಅವಶ್ಯ. ಮೊದಲ ಪುಟಗಳಲ್ಲಿಯೇ ತಾಯಿ ಸಾಯುವ ಕಥೆಯನ್ನು ಅವರು ಓದುತ್ತಿರಲಿಲ್ಲ. ಕಾರಣ ಯಾರಿಗೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ನಾವೇ ಮೊದಲು ಓದಿ, "ಚಾಚಾ, ಇದರಾಗ ತಾಯಿ ಕಡೀತನಕಾ ಇರತಾಳ್ರಿ, ನೀವು ಓದಬಹುದು," ಎಂದು ತಿಳಿಸುತ್ತಿದ್ದೆವು.

ಒಮ್ಮೆ ಅವರು ಓದದೆಯೇ ಒಂದು ಪುಸ್ತಕವನ್ನು ಗಿರಾಕಿಗೆ ಹೊಗಳಿದರು. "ಆನಿದು ಭಾಳ ಮಜಾ ಐತ್ರಿ ಇದರಾಗ," ಎಂದರು. ಆಗ ಕಿತ್ತೂರು ಕಡೆಯಿಂದ ಬಂದು ಹಾಸ್ಟೆಲಿನಲ್ಲಿದ್ದ ಹುಡುಗನೊಬ್ಬ ಬಾಕಿನಿಂದ ಎದ್ದು, "ಚಾಚಾ, ಆನಿ ರಟ್ಟಿನ ಮ್ಯಾಲ ಅಷ್ಟ ಐತ್ರಿ. ಒಳಗ ಹುಡುಕಿ ಹುಡುಕಿ ಸಾಕಾತು ನನಗ," ಎಂದ. ಬಜಾರಕ್ಕೆ ಬಜಾರವೇ ನಕ್ಕಿತು. ಅಂದೇ ಮಕ್ಕಳೆಲ್ಲ ಸೇರಿ ಒಂದು ಕಾಯ್ದೆ ಮಾಡಿದೆವು: ಓದದವರು ಹೊಗಳುವಂತಿಲ್ಲ, ಬೈಯುವಂತೆಯೂ ಇಲ್ಲ. ಚಾಚಾ ಎರಡೂ ಕಿವಿ ಹಿಡಿದುಕೊಂಡು ಒಪ್ಪಿದರು.

ಆ ಕಾಯ್ದೆ ಮುಂದೆ ನನ್ನ ಪಾಲಿಗೆ ಬರುವುದೆಂದು ನಾನು ತಿಳಿದಿರಲಿಲ್ಲ.

ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ಒಂದು ಹೊಸ ಕಾದಂಬರಿ ಬಂದಿತು. ಮಲಪ್ರಭಾ ದಂಡೆಯ ಊರಿನ ಹುಡುಗಿಯೊಬ್ಬಳು ಖೋ ಖೋ ಆಡಲು ಮನೆಯಲ್ಲಿ ಹೇಳದೆ ಬೆಳಗಾವಿಯ ಬಸ್ಸು ಹತ್ತುವ ಕಥೆ. ಕೊನೆಯ ಪುಟದಲ್ಲಿ ಅವಳು ಮೈದಾನದಲ್ಲಿ ನಿಂತಿದ್ದಾಳೆ, ಸೀಟಿ ಊದುತ್ತಾರೆ, ಅಲ್ಲಿಗೆ ಮುಗಿಯುತ್ತದೆ. ನಾನು ಅದನ್ನು ದಿಂಬಿನ ಪಕ್ಕದಲ್ಲಿ ಇಟ್ಟುಕೊಂಡು ಮಲಗುತ್ತಿದ್ದೆ. ನಮ್ಮ ಸೋದರತ್ತೆಯವರು ಅದರ ಹಿಂಬದಿಯಲ್ಲಿದ್ದ ಸಾರಾಂಶವನ್ನು ಗಟ್ಟಿಯಾಗಿ ಓದಿ ನನ್ನ ತಂದೆಯವರಿಗೆ ಕೇಳಿಸಿದರು.

ತಂದೆಯವರು ಸಾಮಾನು ಸಾಗಿಸುವ ಮೂರು ಗಾಲಿಯ ಟಂಟಂ ಗಾಡಿ ಓಡಿಸುವವರು. ಉಳ್ಳಾಗಡ್ಡಿ, ಹತ್ತಿ, ಬೆಲ್ಲ ಇತ್ಯಾದಿಗಳನ್ನು ಸವದತ್ತಿ, ರಾಮದುರ್ಗಗಳ ಕಡೆಗೆ ಮುಟ್ಟಿಸುತ್ತಿದ್ದರು. ಬೈಯುವ ಸ್ವಭಾವದವರಲ್ಲ. ಅಂದು ಮಾತ್ರ, "ಮನಿ ಬಿಟ್ಟು ಓಡಿ ಹೋಗೂದನ್ನ ಕಲಸೂ ಪುಸ್ತಕ ಓದಾಕ ನಿನಗ ಸಾಲಿ ಕಲಿಸಿದ್ನೇನ? ನಾಳಿಂದ ಆ ಅಂಗಡಿ ಬಂದ್. ಹತ್ತನೇತ್ತಾ ಮುಗೀತಂದ್ರ ಸಾಲಿನೂ ಬಂದ್," ಎಂದರು. ಅವರು ಒಮ್ಮೆ ಹೇಳಿದ್ದನ್ನು ಬದಲಿಸಿದ್ದನ್ನು ನಾನು ಕಂಡಿರಲಿಲ್ಲ. ನನ್ನ ಅಕ್ಕನ ಶಾಲೆಯನ್ನೂ ಹೀಗೆಯೇ ಒಂದು ಮಾತಿಗೆ ಬಿಡಿಸಿದ್ದರು.

ಮರುದಿನ ನನ್ನನ್ನೂ ಕರೆದುಕೊಂಡು ಅಂಗಡಿಗೆ ಹೋಗಿ ಪುಸ್ತಕವನ್ನು ಗಲ್ಲೆಯ ಮೇಲೆ ಇಟ್ಟರು.

"ತೊಗೋರಿ ನಿಮ್ಮ ಪುಸ್ತಕಾ. ಇಂಥಾದ್ದನ್ನ ಹೆಣ್ಣಹುಡುಗ್ಯಾರಿಗೆ ಕೊಡತೀರೇನ್ರಿ?"

ಚಾಚಾ ಪುಸ್ತಕವನ್ನು ಮುಟ್ಟಲಿಲ್ಲ. "ನೀವು ಓದೀರೇನ್ರಿ?"

"ಓದೂದೇನೈತಿ? ಹಿಂದ ಬರದಾರಲ್ಲ."

"ಹಿಂದ ಬರದದ್ದು ನನ್ನಂಥಾ ಮಾರಾವರ ಸಲುವಾಗಿ. ಇಲ್ಲಿ ಓದಲಾರದವರು ಪುಸ್ತಕಾ ಬೈಯಂಗಿಲ್ರಿ. ಕಾಯ್ದೆ ಐತಿ. ನನಗೂ ಅದ ಕಾಯ್ದೆ."

"ಯಾವ ಸರಕಾರದ ಕಾಯ್ದೆರಿ ಇದು?"

"ಈ ಬಾಕಿನ ಮ್ಯಾಲ ಕುಂದರಾವರ ಸರಕಾರ," ಎಂದು ಚಾಚಾ ಗಂಭೀರವಾಗಿಯೇ ಹೇಳಿದರು. "ಓದಿ ಬರ್ರಿ. ರವಿವಾರ ಎಲ್ಲಾರ ಮುಂದ ಕುಂತು ಬೈರಿ. ನಾನೂ ಕೇಳತೇನಿ. ಆಮ್ಯಾಲೆ ಮಗಳನ್ನ ಕಳಸೂದು, ಬಿಡೂದು ನಿಮಗ ಬಿಟ್ಟದ್ದು."

"ಗಾಡಿ ಹೊಡಿಯಾಂವಗ ಕಥಿ ಓದಾಕ ಎಲ್ಲಿ ಟೈಮ್ ಐತ್ರಿ?"

"ಲೋಡ್ ಇಳಸೂತನಕಾ ಏನ ಮಾಡತೀರಿ?"

"ಚಾ ಕುಡಿತೇನಿ."

"ಚಾ ಕುಡಕೋಂತ ಓದ್ರಿ. ಪುಸ್ತಕದ ಮ್ಯಾಲ ಅಷ್ಟ ಚೆಲ್ಲಬ್ಯಾಡ್ರಿ."

ತಂದೆಯವರು ಸಿಟ್ಟಿನಿಂದಲೇ ಪುಸ್ತಕವನ್ನು ಎತ್ತಿಕೊಂಡರು. ಅದು ಗಾಡಿಯ ಮುಂದಿನ ಗಾಜಿನ ಬಳಿ, ಬಟ್ಟೆಯಲ್ಲಿ ಸುತ್ತಿಕೊಂಡು, ಅವರ ಸಂಗಡ ತಿರುಗತೊಡಗಿತು. ಮನೆಯಲ್ಲಿ ಅದರ ಮಾತನ್ನೇ ಎತ್ತಲಿಲ್ಲ. ಮುಂದಿನ ರವಿವಾರ ಬಂದು ಹೋಯಿತು. ಅದರ ಮುಂದಿನದೂ ಹೋಯಿತು. ನಾನು ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತ, ಬಾಕಿನ ಮೇಲೆ ಈಗ ಯಾರು ಯಾವ ತುದಿಗೆ ಕುಳಿತಿರಬಹುದೆಂದು ಯೋಚಿಸುತ್ತಿದ್ದೆ. ಕೊನೆಗೊಂದು ರವಿವಾರ ತಂದೆಯವರು ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತ, "ನಡಿ," ಎಂದರು.

ಆ ದಿನ ಸಂಗೊಳ್ಳಿಯಿಂದ ತಾಯಿ ಮಗಳಿಬ್ಬರು ಅದೇ ಕಾದಂಬರಿಯನ್ನು ಕೇಳಿಕೊಂಡು ಬಂದು ಕಟ್ಟೆಯ ಮುಂದೆ ನಿಂತಿದ್ದರು. ತಂದೆಯವರು ಬಾಕಿನ 'ಅಲ್ಲ' ಎನ್ನುವ ತುದಿಗೆ, ಮೊಣಕಾಲುಗಳನ್ನು ಜೋಡಿಸಿಕೊಂಡು ಕುಳಿತರು. ಸುತ್ತಲೂ ನಾವು ಮಕ್ಕಳು.

"ಹೇಳ್ರಿ," ಎಂದರು ಚಾಚಾ.

"ಈ ಪುಸ್ತಕಾ ಸುಳ್ಳ ಐತ್ರಿ," ಎಂದು ತಂದೆಯವರು ಆರಂಭಿಸಿದರು. "ರಾಮದುರ್ಗದಾಚಿ ಹೊಳಿದಂಡಿ ಆ ಊರು ನನಗ ಗೊತ್ತೈತಿ. ಲೋಡ್ ತೊಗೊಂಡ್ ಹೋದಾಗ ಗಾಡಿ ಹೊಳ್ಳಿಸಿ ಊರಾಗ ಹೋಗಿ ಕೇಳಿದೆ. ಆ ಹೆಸರಿನ ಹುಡುಗಿ ಯಾರೂ ಇಲ್ಲ ಅಂದ್ರು."

ಮಕ್ಕಳೆಲ್ಲ ಕಿಸಕ್ಕನೆ ನಕ್ಕರು. ಕಿತ್ತೂರಿನ ಹುಡುಗ ಬಾಯಿಗೆ ಅಂಗಿಯ ತೋಳನ್ನು ಒತ್ತಿಕೊಂಡ. ನನಗೆ ನೆಲ ಬಾಯಿ ತೆರೆದರೆ ಸಾಕೆನಿಸಿತು. ತಂದೆಯವರ ಮುಖ ಕೆಂಪಾಗಿ, ಅವರು ಏಳುವವರಂತೆ ಬಾಕಿನ ಅಂಚನ್ನು ಹಿಡಿದರು. ನಾನು ಚಾಚಾ ಅವರ ಹೊಟ್ಟೆಯ ಕಡೆ ನೋಡಿದೆ. ಅದು ಅಲುಗಲಿಲ್ಲ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, ನಿಜವಾಗಿಯೂ ತಿಳಿಯಬೇಕೆನ್ನುವವರಂತೆ ಕೇಳಿದರು:

"ಎಲ್ಲೆಲ್ಲಿ ಕೇಳಿದ್ರಿ?"

"ಮೊದಲ ಹೋಟೆಲಿನ್ಯಾಗ ಕೇಳಿದೆ. ಆಮ್ಯಾಲೆ ಸಾಲ್ಯಾಗ."

"ಸಾಲ್ಯಾಗ ಏನಂದ್ರು?"

"ಖೋ ಖೋ ಆಡೂ ಹುಡುಗ್ಯಾರು ಭಾಳ ಮಂದಿ ಅದಾರ, ಆದ್ರ ಇಂಥಾಕಿ ಇಲ್ಲ ಅಂದ್ರು."

"ನೀವು ಯಾಕ ಕೇಳಾಕ ಹೋದ್ರಿ?"

ತಂದೆಯವರು ಹಿಡಿದಿದ್ದ ಬಾಕಿನ ಅಂಚನ್ನು ಬಿಟ್ಟರು. "ಆಕಿ ಮನಿಗೆ ಹೊಳ್ಳಿ ಬಂದ್ಲೋ ಇಲ್ಲೋ, ಪುಸ್ತಕದಾಗ ಬರದಿಲ್ಲಲ್ರಿ," ಎಂದರು. "ಸೀಟಿ ಊದಿದ್ರಂತ, ಮುಗೀತಂತ. ರಾತ್ರಿ ಆಕಿ ಎಲ್ಲಿ ಉಂಡ್ಲು? ಯಾವ ಗಾಡಿಗೆ ಬಂದ್ಲು? ಅವರಪ್ಪರ ಹುಡಕಾಕ ಹೋಗಬೇಕಿಲ್ಲೋ? ಅಂವಾ ಮನ್ಯಾಗ ಕುಂತಾನ. ನಾ ಒಂದು ಉಳ್ಳಾಗಡ್ಡಿ ಚೀಲಾನೂ ಮನಿ ಬಾಗಲಾ ಮುಟ್ಟಸದ ಹೊಳ್ಳಿ ಬರಂಗಿಲ್ರಿ. ಇವರು ಒಂದು ಹುಡುಗಿನ್ನ ಬೆಳಗಾವ್ಯಾಗ ಬಿಟ್ಟು ಪುಸ್ತಕಾ ಮುಗಿಸ್ಯಾರ."

ಈಗ ಯಾರೂ ನಗಲಿಲ್ಲ. ಚಾಚಾ ನಮ್ಮೆಲ್ಲರ ಕಡೆ ತಿರುಗಿದರು. "ನೀವೆಲ್ಲಾ ಇದನ್ನ ಓದಿ, ಮುಚ್ಚಿಟ್ಟು, ರೊಟ್ಟಿ ತಿಂದು ಮಲಕೊಂಡ್ರಿ. ಇವರೊಬ್ರು ಆಕಿನ್ನ ಹುಡಕಾಕ ಹೋಗ್ಯಾರ," ಎಂದರು. ಬಳಿಕ ಎಂದಿನ ದನಿಯಲ್ಲಿ, "ಆತು. ಹೌದು ಅನ್ನಾವರು ಯಾರು?" ಎಂದು ಕೇಳಿದರು.

ಆ ತುದಿಗೆ ಯಾರೂ ಕುಳಿತುಕೊಳ್ಳಲಿಲ್ಲ. ನಾನೇ ಹೋಗಿ ಕುಳಿತೆ. ತಂದೆಯವರ ಎದುರಿಗೆ ಅದುವರೆಗೆ ನಾನು ಬೇಕು, ಬೇಡ ಎಂಬೆರಡು ಮಾತುಗಳನ್ನು ಬಿಟ್ಟು ಮೂರನೆಯದನ್ನು ಆಡಿದವಳಲ್ಲ.

"ಆಕಿ ಮೊದಲ ಹೇಳಿದ್ಲ್ರಿ," ಎಂದೆ. "ಆಡಾಕ ಹೊಕ್ಕೇನಿ ಅಂತ ಮನ್ಯಾಗ ಹೇಳತಾಳ, ಅವರಪ್ಪ ಟಿ.ವಿ. ಸಪ್ಪಳಾ ಏರಸ್ತಾನ. ಮತ್ತ ಹೇಳತಾಳ, ಮತ್ತ ಏರಸ್ತಾನ. ಕೇಳಾವರು ಇದ್ದಿದ್ರ ಆಕಿ ಹೇಳೇ ಹೊಕ್ಕಿದ್ಲು. ಅದಕ್ಕ ನನಗ ಈ ಪುಸ್ತಕಾ ಸೇರತೈತ್ರಿ. ಓಡಿ ಹೋಗಿದ್ದಕ್ಕಲ್ಲ."

ತಂದೆಯವರು ನನ್ನ ಕಡೆ ನೋಡದೆ, ತಮ್ಮ ಅಂಗೈಗಳನ್ನು ನೋಡಿಕೊಳ್ಳುತ್ತ, "ಆ ಜಾಗಾ ನಾ ಎರಡು ಸಲ ಓದೇನಿ," ಎಂದರು.

ಸಂಗೊಳ್ಳಿಯ ತಾಯಿ ಸೆರಗಿನಿಂದ ಕೈ ತೆಗೆದು, "ಕೊಡ್ರಿ ಚಾಚಾ. ಮೊದಲ ನಾ ಓದಿ ಆಮ್ಯಾಲೆ ಈಕಿಗೆ ಕೊಡತೇನಿ," ಎಂದರು. "ಅಯ್ಯ, ಹಂಗಾದ್ರ ದೀಪಾವಳಿ ಆಕ್ಕೈತಿ!" ಎಂದು ಮಗಳು ಕಾಲು ಬಡಿದಳು.

ತಂದೆಯವರು ಎದ್ದು ಚಪ್ಪಲಿ ಮೆಟ್ಟಿ, ಎರಡು ಹೆಜ್ಜೆ ಹೋದವರು ನಿಂತು ಕೇಳಿದರು: "ಮುಂದಿನ ರವಿವಾರ ಯಾವ ಪುಸ್ತಕಾರಿ? ಈಕಿ ಒಯ್ಯಲಿ. ಇಬ್ಬರೂ ಓದತೇವಿ."

ಅಂದಿನಿಂದ ಬಾಡಿಗೆ ಇಲ್ಲದ ರವಿವಾರಗಳಲ್ಲಿ ಅವರೂ ಬಾಕಿನ ಮೇಲೆ ಕುಳಿತುಕೊಳ್ಳುತ್ತಿದ್ದರು, ಯಾವಾಗಲೂ 'ಅಲ್ಲ' ಎನ್ನುವ ತುದಿಗೆ. ಯಾವ ಕಾದಂಬರಿಯ ಮಕ್ಕಳೂ ಹೊತ್ತಿಗೆ ಸರಿಯಾಗಿ ಉಣ್ಣುವುದಿಲ್ಲವೆಂಬುದು ಅವರ ಖಾಯಂ ತಕರಾರಾಗಿತ್ತು. ಹತ್ತನೆಯ ತರಗತಿ ಮುಗಿದ ಮೇಲೆ ನನ್ನ ಶಾಲೆ ಬಿಡಿಸುವ ಮಾತು ಮನೆಯಲ್ಲಿ ಮತ್ತೆ ಬರಲಿಲ್ಲ. ಕಾಲೇಜಿನ ಅರ್ಜಿಗೆ ಅವರೇ ಸಹಿ ಮಾಡಿದರು.

ಚಾಚಾ ಹೋದ ವರ್ಷ ಬಿತ್ತಿಗೆಯ ದಿನಗಳಲ್ಲಿ ತೀರಿಕೊಂಡರು. ಸುದ್ದಿ ಬಂದಾಗ ನಾನು ರಾಮದುರ್ಗದ ಕಚೇರಿಯಲ್ಲಿದ್ದೆ. ಬೈಲಹೊಂಗಲ ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು. ತಂದೆಯವರು ಖಬರಸ್ತಾನಕ್ಕೆ ಹೋಗಿ, ಎಲ್ಲರೊಡನೆ ನಿಂತು, ತಾವೂ ಮೂರು ಹಿಡಿ ಮಣ್ಣು ಹಾಕಿ ಬಂದಿದ್ದರು. ಬಸ್ ಸ್ಟ್ಯಾಂಡಿನಿಂದ ಮನೆಗೆ ಕರೆದೊಯ್ಯುವಾಗ ಕೆರೆಯ ಹತ್ತಿರ ಗಾಡಿ ನಿಧಾನ ಮಾಡಿ ಹೇಳಿದರು:

"ಅವ್ವಿ, ಆ ಹುಡುಗಿನ್ನ ಹುಡುಕಿ ಬಂದೆ ಅಂದಾಗ ಹುಡುಗರೆಲ್ಲಾ ನಕ್ರಲ್ಲ. ಅವತ್ತ ಚಾಚಾ ಅವರೂ ನಕ್ಕಿದ್ರ, ನಾ ಎದ್ದು ಬರತಿದ್ದೆ. ಮತ್ತ ನಿನ್ನ ಎಲ್ಲಿಗೂ ಕಳಸ್ತಿದ್ದಿಲ್ಲ."

ಈಗ ನಾನು ಹೇಳುವುದೇನೆಂದರೆ, ನನ್ನ ಓದು, ನನ್ನ ನೌಕರಿ ಮತ್ತು ಈ ಕೆಲವು ಪುಟಗಳು, ಬಹಳ ನಗೆಗಾರರಾಗಿದ್ದ ಒಬ್ಬ ವ್ಯಾಪಾರಸ್ಥರು ಆ ಮಧ್ಯಾಹ್ನ ತಡೆದು ಹಿಡಿದ ಒಂದು ನಗೆಗೆ ಋಣಿಯಾಗಿವೆ.